ನಾಲ್ಕನೇ ಮಹಡಿಯ ಅತ್ತಿಗೆ

ನನ್ನ ಅತ್ತಿಗೆ ಅರ್ಮಿಂದಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ವಸತಿ ಸಹಕಾರ ಸಂಘದವರು ಅವಳ ಫೋಟೋಗೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದಾರೆ, ಕೆಳಗೆ ‘ಸ್ಥಾಪಕಿ’ ಎಂದು ಬರೆಸಿದ್ದಾರೆ. ಹಾಗೆ ಬರೆಸಿದವರಲ್ಲಿ ಅರ್ಧ ಜನ ಒಂದು ಕಾಲಕ್ಕೆ ಅವಳ ಮುಖದ ಮೇಲೆ ಬಾಗಿಲು ಬಡಿದವರು. ಇನ್ನರ್ಧ ಜನ ಬಾಗಿಲನ್ನೇ ತೆರೆಯದವರು. ಈಗ ಹೊಸದಾಗಿ ಬಂದವರಿಗೆಲ್ಲ ಅವಳ ಕಥೆಯನ್ನು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ, ಅದಕ್ಕೇ ನಾನೇ ಹೇಳುತ್ತೇನೆ. ನಾನು ಫೆಲಿಜ್ಮಿನ, ಪೋರ್ತೊ ಪಟ್ಟಣದ ದೊಡ್ಡ ಮಾರುಕಟ್ಟೆಯಲ್ಲಿ ಮೀನು ಮಾರಿ ಬದುಕಿದವಳು. ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ.

ಆಗ ನಾವಿದ್ದದ್ದು ದೋನ ಲಿಬಾನಿಯಳ ವಠಾರದಲ್ಲಿ, ದೋನ ಅಂದರೆ ನಮ್ಮಲ್ಲಿ ಅಮ್ಮನವರು. ಬೀದಿಯ ಕಡೆಗೆ ಅವಳ ದೊಡ್ಡ ಮನೆ. ಅದರ ಹೊಟ್ಟೆಯೊಳಗಿಂದ ಹಾಯುವ ಒಂದು ಕತ್ತಲೆ ಓಣಿ. ಓಣಿ ದಾಟಿದರೆ ಎದುರುಬದುರು ಎರಡು ಸಾಲು ಕೋಣೆಗಳು, ಒಂದೊಂದಕ್ಕೂ ಒಂದು ಬಾಗಿಲು, ಒಂದು ಕಿಟಕಿ, ಒಂದು ಸಂಸಾರ. ಅಂಗಳದ ನಡುವೆ ಒಂದು ನಲ್ಲಿ ಮತ್ತು ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ. ಅಂಗಳದ ಆ ತುದಿಯಲ್ಲಿ ಎಲ್ಲರಿಗೂ ಸೇರಿ ಎರಡು ಕಕ್ಕಸು. ಬೆಳಿಗ್ಗೆ ಎದ್ದರೆ ಅದರ ಮುಂದೆ ಸಾಲು. ಯಾರಿಗೆ ಹೊಟ್ಟೆ ಕೆಟ್ಟಿದೆ, ಯಾರಿಗೆ ಕಟ್ಟಿದೆ ಎಂಬುದು ವಠಾರಕ್ಕೆಲ್ಲ ಗೊತ್ತಿರುತ್ತಿತ್ತು.

ಅಣ್ಣ ಬೆಲ್ಮೀರು ನದಿಯ ಧಕ್ಕೆಯಲ್ಲಿ ಮದ್ಯದ ಪೀಪಾಯಿ ಇಳಿಸುವ ಕೆಲಸದಲ್ಲಿದ್ದ. ಗಟ್ಟಿಮುಟ್ಟಾದ ಆಳು. ಮದುವೆಗೆ ಮೊದಲು ಅವನೂ ನಾನೂ ಒಂದೇ ಕೋಣೆಯಲ್ಲಿದ್ದೆವು. ಸೋಪಿನ ಕಾರ್ಖಾನೆಯಲ್ಲಿ ದುಡಿಯುವ ಅರ್ಮಿಂದಳನ್ನು ಅವನು ಕಟ್ಟಿಕೊಂಡು ಬಂದ ಮೇಲೆ ನಾನು ಪಕ್ಕದ ಕೋಣೆಗೆ ಹೋದೆ. ಅವಳ ಮೈಯಿಂದ ಯಾವಾಗಲೂ ಸೋಪಿನ ವಾಸನೆ, ನನ್ನ ಮೈಯಿಂದ ಮೀನಿನ ವಾಸನೆ. ನಾನು ಒಳಗೆ ಕಾಲಿಟ್ಟ ಕೂಡಲೇ ಅವಳು ಕಿಟಕಿ ತೆರೆಯುತ್ತಿದ್ದಳು. ಅಷ್ಟೇ ಸಾಕು, ನಾದಿನಿಯೊಬ್ಬಳಿಗೆ ಜೀವಮಾನವಿಡೀ ಸಿಟ್ಟಿಟ್ಟುಕೊಳ್ಳಲು.

ಮದುವೆಯಾಗಿ ಕೆಲವು ವರ್ಷಕ್ಕೆ ಒಂದು ಪೀಪಾಯಿ ಹಗ್ಗ ಹರಿದುಕೊಂಡು ಉರುಳಿ ಅಣ್ಣನ ಸೊಂಟ ಮುರಿಯಿತು. ಬದುಕಿಕೊಂಡ, ಆದರೆ ಕಾಲು ಹೋಯಿತು. ಏನಾದರೂ ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕುತ್ತಿದ್ದ, ಆ ಅಂಗಳದ ಉಬ್ಬುತಗ್ಗು ಕಲ್ಲಿನ ಮೇಲೆ ಅದೂ ಆಗುತ್ತಿರಲಿಲ್ಲ. ಹಾಗಾಗಿ ಅವನಿಗೆ ಕಕ್ಕಸಿಗೆ ಹೋಗಬೇಕಾದಾಗಲೆಲ್ಲ ನಾನೊಂದು ಕಡೆ, ಅವಳೊಂದು ಕಡೆ ಕೈಗೆ ಕೈ ಹೆಣೆದು, ಮೇಲೆ ಅವನನ್ನು ಕೂರಿಸಿಕೊಂಡು ಅಂಗಳ ದಾಟಿಸುತ್ತಿದ್ದೆವು. ನಲ್ಲಿಯ ಹತ್ತಿರ ನಿಂತ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಅಣ್ಣ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಹೀಗೆ ಹೋಗುವುದು ಬೇಡವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ, ತುಟಿ ಒಡೆದಿರುತ್ತಿತ್ತು.

ಅವಳ ಸಂಘದ ಹುಚ್ಚು ಹುಟ್ಟಿದ್ದು ಅಲ್ಲಿಂದ. ಈಗ ಭಾಷಣ ಮಾಡುವವರು ಅವಳು ಬಡವರ ಬಗ್ಗೆ ಕನಸು ಕಂಡಳು ಎನ್ನುತ್ತಾರೆ. ಸುಳ್ಳು. ಅವಳಿಗೆ ಬೇಕಾಗಿದ್ದದ್ದು ಒಳಗೇ ಕಕ್ಕಸಿರುವ ಒಂದು ಮನೆ. ಗಂಡ ಗೋಡೆ ಹಿಡಿದುಕೊಂಡು, ಯಾರ ಕಣ್ಣಿಗೂ ಬೀಳದೆ, ತಾನೇ ಹೋಗಿ ಬರಬೇಕು. ಅಂಥ ಮನೆಯ ಬಾಡಿಗೆ ಕೊಡುವ ತಾಕತ್ತು ನಮ್ಮಂಥವರಿಗೆ ಇರಲಿಲ್ಲ. ಹಳೆಯ ಸರ್ವಾಧಿಕಾರಿ ಸರ್ಕಾರ ಉರುಳಿದ ಹೊಸತು, ಸಂಘ ಕಟ್ಟಿಕೊಂಡು ಬಂದ ಬಾಡಿಗೆದಾರರಿಗೆ ನಗರಸಭೆ ಜಾಗ ಕೊಡುತ್ತಂತೆ, ಬ್ಯಾಂಕು ಸಾಲ ಕೊಡುತ್ತಂತೆ ಎಂದು ಕಾರ್ಖಾನೆಯಲ್ಲಿ ಯಾರೋ ಅವಳ ಕಿವಿಗೆ ಹಾಕಿದರು. ಅಂದಿನಿಂದ ಅವಳು ವಠಾರದ ಬೆನ್ನು ಬಿದ್ದಳು.

ಸಂಜೆ ಕೆಲಸ ಬಿಟ್ಟು ಬಂದವಳು ಅಣ್ಣನಿಗೆ ಊಟ ಕೊಟ್ಟು ಬಾಗಿಲು ಬಾಗಿಲಿಗೆ ಹೋಗುತ್ತಿದ್ದಳು. ಅವಳ ಮಾತು ನನಗೆ ಬಾಯಿಪಾಠವಾಗಿಬಿಟ್ಟಿತ್ತು.

“ಬಾಡಿಗೆ ಅಂತ ಕೊಡೋದನ್ನೇ ಕಂತು ಅಂತ ಕೊಡಿ. ಲಿಬಾನಿಯಮ್ಮನ ಮನೆಗೆ ಹೆಂಚು ಹಾಕ್ಸಿದ್ದು ಸಾಕು. ನಾಳೆ ನೀವು ಕಣ್ಮುಚ್ಚಿದ್ರೆ ಮಕ್ಕಳಿಗೆ ಏನು ಬಿಟ್ಟು ಹೋಗ್ತೀರಿ, ಬಾಡಿಗೆ ರಸೀತಿನಾ?”

ಟ್ರಾಮ್ ಕಂಡಕ್ಟರ್ ಕುಸ್ತೋದಿಯು ಎದುರುಸಾಲಿನವನು. ಟೋಪಿ ತೆಗೆಯದೆ ಊಟಕ್ಕೆ ಕೂರುವ ಆಸಾಮಿ, ಮನೆಯಲ್ಲೂ ಅಧಿಕಾರ ಬಿಡುತ್ತಿರಲಿಲ್ಲ. ಅವನು ಬಾಗಿಲಿಗೆ ಅಡ್ಡ ನಿಂತು ಹಲ್ಲು ಕಡ್ಡಿ ಆಡಿಸುತ್ತಾ ಹೇಳಿದ:

“ದೋನ ಅರ್ಮಿಂದ, ಸಂಘ ಅಂದ್ರೆ ನಂಗೂ ಗೊತ್ತು. ಎಲ್ರ ದುಡ್ಡು, ಒಬ್ರ ಜೇಬು. ಯಾವ ಜೇಬು ಅಂತ ಮೊದ್ಲು ಹೇಳಿಬಿಡಿ.”

“ಜೇಬಿರೋ ಲಂಗ ನನ್ನತ್ರ ಒಂದೂ ಇಲ್ಲ. ಬೇಕಾದ್ರೆ ನಿಮ್ಮ ಹೆಂಡ್ತಿನ ಕಳ್ಸಿ, ನೋಡ್ಕೊಂಡು ಬರ್ಲಿ.”

“ರಷ್ಯಾದವರ ಥರ ಒಂದೇ ಮನೇಲಿ ನಾಲ್ಕು ಸಂಸಾರ ತುರುಕ್ತಾರಂತೆ, ಹೌದಾ?”

“ಈಗ ವಠಾರಕ್ಕೆಲ್ಲ ಎರಡು ಕಕ್ಕಸಿಗೆ ಸಾಲು ನಿಲ್ತೀವಲ್ಲ, ಅದನ್ನ ಯಾವ ರಷ್ಯಾದವನು ಮಾಡ್ದ?”

ಕುಸ್ತೋದಿಯು ಬಾಗಿಲು ಹಾಕಿಕೊಂಡ. ಒಳಗಿನಿಂದ ಅವನ ಹೆಂಡತಿ ನಕ್ಕದ್ದು ಕೇಳಿಸಿತು, ಆಮೇಲೆ ಅವಳಿಗೆ ಬಿದ್ದ ಬೈಗುಳವೂ ಕೇಳಿಸಿತು. ನಾನು ನನ್ನ ಹೊಸ್ತಿಲ ಮೇಲೆ ಕೂತು ಮೀನಿನ ಬುಟ್ಟಿ ಉಜ್ಜುತ್ತಿದ್ದೆ. ಅತ್ತಿಗೆ ನನ್ನ ಮುಂದೆಯೂ ಬಂದು ನಿಂತಳು.

“ನೀನೂ ಸೇರು, ಫೆಲಿಜ್ಮಿನ.”

“ನಿನ್ನ ಮುಖ ನೋಡೋಕೆ ಇನ್ನೊಂದು ಕಡೆನೂ ಜಾಗ ಬೇಕಾ? ಇಲ್ಲಿ ನೋಡ್ತಿರೋದೇ ಜಾಸ್ತಿಯಾಗಿದೆ.”

ದೋನ ಲಿಬಾನಿಯಳಿಗೆ ಸುದ್ದಿ ಹೋಗದೆ ಇರುತ್ತದೆಯೇ? ಅವಳು ದಿನಾ ಚರ್ಚಿಗೆ ಹೋಗಿ ಬಂದು, ಕೈಯಲ್ಲಿ ಜಪಮಾಲೆ ಇರುವಾಗಲೇ ಓಣಿಯೊಳಗೆ ಇಣುಕಿ ಯಾರ ಹತ್ತಿರ ಹೊಸ ಪಾತ್ರೆ ಬಂದಿದೆ ಎಂದು ನೋಡುವ ಹೆಂಗಸು. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಎರಡು ಕಕ್ಕಸಿನಲ್ಲಿ ಒಂದಕ್ಕೆ ಬೀಗ ಬಿದ್ದಿತ್ತು. ಕೇಳಿದರೆ, ರಿಪೇರಿ ಅಂದಳು. ಒಳಗಿನದನ್ನು ಹೊಸ ಮನೆಯಲ್ಲಿ ಕಟ್ಟಿಸಿಕೊಳ್ಳುವವರಿಗೆ ಹೊರಗಿನದು ಯಾಕೆ ಎಂದೂ ಸೇರಿಸಿದಳು. ಅವತ್ತು ಸಾಲು ನಲ್ಲಿಯವರೆಗೆ ಬಂತು. ಅಣ್ಣನನ್ನು ಎತ್ತಿಕೊಂಡು ನಾವಿಬ್ಬರೂ ಆ ಸಾಲಿನಲ್ಲಿ ನಿಂತೆವು. ಕೈ ಸೋತು ಅವನನ್ನು ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಬೇಕಾಯಿತು. ಅಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ. ಎಲ್ಲರೂ ಬೇರೆ ಕಡೆ ನೋಡಿದರು.

ಕೋಣೆಗೆ ಬಂದ ಮೇಲೆ ನಾನು ಅತ್ತಿಗೆಯ ಜುಟ್ಟು ಹಿಡಿಯುವುದೊಂದು ಬಾಕಿ.

“ನಿನ್ನ ಸಂಘದಿಂದ ಇವನಿಗೆ ಸಿಕ್ಕಿದ್ದು ಇದು. ಇದ್ದ ಒಂದು ಮರ್ಯಾದೆನೂ ತೆಗೆದೆ.”

ಅವಳು ಅಣ್ಣನ ಪ್ಯಾಂಟು ನೆನೆಹಾಕುತ್ತಾ, ತಿರುಗಿಯೂ ನೋಡದೆ ಹೇಳಿದಳು: “ಇನ್ನೊಂದಕ್ಕೂ ಬೀಗ ಹಾಕ್ಲಿ ಅಂತ ಕಾಯ್ತಿದೀನಿ. ಆಗ ಎಲ್ರೂ ಸೇರ್ತಾರೆ.”

ಎಂಥ ಕಲ್ಲು ಹೆಂಗಸು ನೋಡಿ. ಆದರೆ ಇನ್ನೊಂದಕ್ಕೆ ಬೀಗ ಬೀಳುವ ಮೊದಲೇ ಅವಳು ಅಂದದ್ದು ಆಯಿತು. ಬೀಗ ಬಿದ್ದ ಮೊದಲ ವಾರ ಇಡೀ ವಠಾರ ಅವಳಿಗೆ ಬಾಯಿಗೆ ಬಂದಂತೆ ಬೈಯಿತು. ಅವಳ ಬಾಗಿಲ ಮುಂದೆ ಯಾರೋ ಮೀನಿನ ಕರುಳು ಸುರಿದು ಹೋದರು, ನಾನಲ್ಲ. ಎರಡನೆಯ ವಾರ ಬೈಗುಳ ಲಿಬಾನಿಯಳ ಕಡೆಗೆ ತಿರುಗಿತು. ಆಮೇಲೆ ಒಬ್ಬೊಬ್ಬರಾಗಿ, ಅರ್ಮಿಂದಳಿಗೆ ಬೈಯುತ್ತಲೇ, ಅವಳ ಸಂಘಕ್ಕೆ ಸೇರಿದರು. ಕುಸ್ತೋದಿಯು ಕೊನೆಗೆ ಬಂದ. ನೀವು ಮೋಸ ಮಾಡ್ತೀರೋ ಇಲ್ಲವೋ ಅಂತ ಹತ್ತಿರದಿಂದ ನೋಡೋಕೆ ಸೇರ್ತಿದೀನಿ ಎಂದು ಹೇಳಿಯೇ ಸೇರಿದ. ನಾನೂ ಸೇರಿದೆ. ಅಣ್ಣನ ಇನ್ನೊಂದು ಪಕ್ಕ ಹಿಡಿಯುವವರು ಯಾರಾದರೂ ಬೇಕಲ್ಲ.

ಊರಿನ ಪೂರ್ವಕ್ಕೆ, ರೈಲು ಹಳಿಯ ಆಚೆ, ಜಾಗ ಸಿಕ್ಕಿತು. ನೆಲಮನೆಗಳ ಮೇಲೆ ನಾಲ್ಕು ಮಹಡಿ, ಲಿಫ್ಟು ಇಲ್ಲ. ಅದಕ್ಕೆ ದುಡ್ಡು ಸಾಲಲಿಲ್ಲ. ಕಂತು ತಗ್ಗಲಿ ಎಂದು ಭಾನುವಾರ ಭಾನುವಾರ ನಾವೇ ಹೋಗಿ ಇಟ್ಟಿಗೆ ಹೊರುವುದು, ಮರಳು ಜರಡಿ ಹಿಡಿಯುವುದು, ಬಣ್ಣ ಬಳಿಯುವುದು. ಆಗಲೂ ಜಗಳ ತಪ್ಪಲಿಲ್ಲ. ಎಲ್ಲರ ಕಣ್ಣೂ ನೆಲಮನೆಗಳ ಮೇಲೆ. ಅವಕ್ಕೆ ಹಿಂದೆ ಚೂರು ಹಿತ್ತಲಿತ್ತು, ಕೋಸಿನ ಗಿಡ ಹಾಕಬಹುದು, ಕೋಳಿ ಸಾಕಬಹುದು. ಕುಸ್ತೋದಿಯು ಒಂದು ನೆಲಮನೆಯ ಗೋಡೆಗೆ ಮಾತ್ರ ನುಣ್ಣಗೆ ಗಾರೆ ಮಾಡುತ್ತಿದ್ದ, ಉಳಿದ ಮನೆಗಳಿಗೆ ಎರಚಿ ಬರುತ್ತಿದ್ದ.

ಅದನ್ನು ಕಂಡೇ ಅತ್ತಿಗೆ ಆ ನಿಯಮ ತಂದದ್ದು. ಮನೆಗಳನ್ನು ಚೀಟಿ ಎತ್ತಿ ಹಂಚುವುದು. ಕೊನೆಯ ಬಣ್ಣ ಒಣಗುವವರೆಗೆ ಯಾವ ಮನೆ ಯಾರದೆಂದು ದೇವರಿಗೂ ಗೊತ್ತಿರಬಾರದು. ಚೀಟಿಯಲ್ಲಿ ಬಂದ ಮನೆಯನ್ನು ಸಾಲ ತೀರುವವರೆಗೆ ಯಾರೂ ಯಾರ ಜೊತೆಗೂ ಬದಲಾಯಿಸಿಕೊಳ್ಳುವಂತಿಲ್ಲ. ನದಿಯಾಚೆ ಇಂಥದ್ದೇ ಒಂದು ಸಂಘದಲ್ಲಿ ಬದಲಾಯಿಸಿಕೊಳ್ಳುತ್ತೇವೆ ಅಂತ ಶುರುವಾಗಿ, ಒಳಗೊಳಗೇ ಕೈಬದಲಾಗಿ, ಕೊನೆಗೆ ನೆಲಮನೆಗಳೆಲ್ಲ ಒಬ್ಬ ಮಾಂಸದಂಗಡಿಯವನ ಪಾಲಾಗಿ ಅವನು ಬಾಡಿಗೆಗೆ ಕೊಟ್ಟುಕೊಂಡು ಕೂತಿದ್ದ. ಅದನ್ನು ಹೇಳಿ ಹೇಳಿ ಅವಳು ಎಲ್ಲರನ್ನೂ ಒಪ್ಪಿಸಿದಳು. ಅಂದಿನಿಂದ ಗಾರೆ ಎಲ್ಲ ಗೋಡೆಗೂ ಒಂದೇ ಥರ ಬಿತ್ತು. ಕುಸ್ತೋದಿಯುವಂತೂ ಎಲ್ಲಿ ತನಗೇ ಬಂದೀತೋ ಎಂದು ನಾಲ್ಕನೇ ಮಹಡಿಗೂ ಕೈಯಾಡಿಸಿದ.

ನಿಯಮ ಮಾಡುವಾಗ ಅಣ್ಣನ ಕಾಲು ಅವಳಿಗೆ ನೆನಪಿರಲಿಲ್ಲವೇ? ಅದನ್ನು ನಾನು ಅವಳನ್ನು ಕೇಳಿದ್ದೇನೆ. “ಇತ್ತು,” ಎಂದಷ್ಟೇ ಹೇಳಿದಳು.

ಚೀಟಿ ಎತ್ತುವ ದಿನ ಹೊಸ ಕಟ್ಟಡದ ಅಂಗಳದಲ್ಲೇ ಸಭೆ. ಅಧ್ಯಕ್ಷಿಣಿ ಅವಳೇ. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಮುಂದಿನ ಸಾಲಿಗೆ ತಂದಿದ್ದೆವು. ಚೀಟಿ ಶುರುವಾಗುವ ಮೊದಲು ನಾನು ಎದ್ದು ನಿಂತೆ. ಮಾರುಕಟ್ಟೆಯಲ್ಲಿ ಕೂಗಿ ಅಭ್ಯಾಸವಾದ ಗಂಟಲು, ಯಾರಿಗೂ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ.

“ನಮ್ಮಣ್ಣಂಗೆ ಕಾಲಿಲ್ಲ. ಎಲ್ರೂ ನೋಡಿದೀರಿ. ದಿನಾ ನೋಡಿದೀರಿ. ಒಂದು ನೆಲಮನೆ ಚೀಟಿಯಿಂದ ತೆಗೆದು ಅವನಿಗೆ ಕೊಡಿ. ಉಳಿದಿದ್ದನ್ನ ಹಂಚ್ಕೊಳ್ಳಿ.”

ಕುಸ್ತೋದಿಯು ಟೋಪಿ ಸರಿಮಾಡಿಕೊಂಡು ಎದ್ದ.

“ಅಧ್ಯಕ್ಷಿಣಿ ಗಂಡಂಗೆ ಒಂದು ನಿಯಮ, ನಮಗೊಂದು ನಿಯಮ. ನಾನು ಮೊದಲನೇ ದಿನವೇ ಕೇಳಿದ್ದೆ, ಯಾವ ಜೇಬು ಅಂತ. ಇವತ್ತು ಕಾಣಿಸ್ತು.”

“ಅಧ್ಯಕ್ಷಿಣಿ ಕೇಳ್ತಿಲ್ಲ ಕಣೋ, ನಾನು ಕೇಳ್ತಿರೋದು.”

“ಮನೆಯೊಳಗೆ ಮಾತಾಡ್ಕೊಂಡು ಬಂದಿದೀರಿ, ನಮಗೆ ಅಷ್ಟೂ ಗೊತ್ತಾಗಲ್ವಾ? ಇವತ್ತು ಕಾಲಿಲ್ಲ ಅಂತೀರಿ. ನಾಳೆ ಇನ್ನೊಬ್ಬಳು ಬಸುರಿ ಅಂತಾಳೆ. ನಮ್ಮತ್ತೆಗೆ ಉಬ್ಬಸ ಇದೆ, ಅವಳಿಗೊಂದು ಕೊಡಿ ಹಂಗಾದ್ರೆ.”

“ನಿಮ್ಮತ್ತೆಗೆ ಉಬ್ಬಸ ಬಂದಿದ್ದು ನಿನ್ನ ಮುಖ ನೋಡಿ.”

ನಗು, ಕೂಗಾಟ. ಹಿಂದಿನಿಂದ ಯಾರೋ, ಕುಂಟನಿಗೆ ಹಿತ್ತಲು ಯಾಕೆ, ಅಗೆಯೋದು ಯಾರು ಎಂದರು. ಯಾರೆಂದು ನನಗೆ ಗೊತ್ತು, ಈಗ ಅವನು ಸತ್ತಿದ್ದಾನೆ, ಬಿಟ್ಟುಬಿಡುತ್ತೇನೆ. ಅಣ್ಣ ತಲೆ ತಗ್ಗಿಸಿ ಅಂಗೈ ನೋಡಿಕೊಳ್ಳುತ್ತಿದ್ದ. ಕೊನೆಗೆ ಕೈ ಎತ್ತಿಸಿದರು. ಕೊಡಬೇಕೆನ್ನುವವರ ಕೈ, ಬೇಡವೆನ್ನುವವರ ಕೈ ಸರಿಸಮವಾಯಿತು. ಇಷ್ಟು ಜನ ನಮ್ಮ ಕಡೆ ಎತ್ತಿಯಾರೆಂದು ನಾನು ಎಣಿಸಿಯೇ ಇರಲಿಲ್ಲ. ಹಾಗೆ ಸರಿಸಮವಾದರೆ ಅಧ್ಯಕ್ಷಿಣಿಯ ಕೈ ಯಾವ ಕಡೆಗೋ ಆ ಕಡೆಗೆ ತೀರ್ಮಾನ.

ನನಗೆ ಎದೆ ಹಗುರಾಯಿತು. ಮನೆ ಬಂತು ಎಂದುಕೊಂಡೆ. ಅಣ್ಣನೂ ತಲೆ ಎತ್ತಿ ಅವಳನ್ನು ನೋಡಿದ.

ಅವಳು ಎದ್ದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ. “ಬೇಡ ಅನ್ನೋರ ಕಡೆಗೆ,” ಎಂದು ಕೈ ಎತ್ತಿದಳು.

ನಾನು ಆಡಿದ ಮಾತುಗಳನ್ನು ಇಲ್ಲಿ ಹೇಳಲಾಗುವುದಿಲ್ಲ. ಮೀನು ಮಾರುವವರೂ ಕಿವಿ ಮುಚ್ಚಿಕೊಳ್ಳುವಂಥವು. ಕುಸ್ತೋದಿಯು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕ್ಲಬ್ಬಿನಿಂದ ತಂದ ಲೋಟೋ ಆಟದ ಚೀಲ ಬಂತು. ಒಳಗೆ ಅಂಕಿ ಕೊರೆದ ಮರದ ಬಿಲ್ಲೆಗಳು, ಒಂದೊಂದು ಮನೆಗೆ ಒಂದು. ಒಬ್ಬೊಬ್ಬರಾಗಿ ಹೋಗಿ ಕೈ ಹಾಕಿದರು. ಅವಳು ಕೈ ಹಾಕಿದಾಗ ನಾಲ್ಕನೇ ಮಹಡಿ ಬಂತು. ನನಗೆ ಕೋಪದಿಂದ ಕಣ್ಣು ಮಂಜಾಗಿತ್ತು, ನನ್ನ ಬಿಲ್ಲೆಯನ್ನು ಬೇರೆಯವರು ಓದಿ ಹೇಳಿದರು. ನನಗೆ ಬಂದದ್ದು ನೆಲಮನೆ.

ಬೀಗದ ಕೈ ಕೊಟ್ಟ ಕೂಡಲೇ ನಾನು ಅವಳ ಮುಂದೆ ಹೋಗಿ ನನ್ನ ಬೀಗದ ಕೈ ಅವಳ ಎದೆಗೆ ಚುಚ್ಚಿದೆ.

“ತಗೋ. ನಿನ್ನದು ಇಲ್ಲಿ ಕೊಡು. ನಂಗೆ ಹಿತ್ತಲೂ ಬೇಡ, ಕೋಳಿನೂ ಬೇಡ. ಮೆಟ್ಲು ಹತ್ತೋ ಕಾಲು ಇನ್ನೂ ಇದೆ.”

“ಆಗಲ್ಲ, ಫೆಲಿಜ್ಮಿನ.”

“ಯಾಕಾಗಲ್ಲ?”

“ನಾವೇ ಮಾಡ್ಕೊಂಡಿದ್ದು. ಇವತ್ತು ನಾನು ಬದಲಾಯಿಸ್ಕೊಂಡ್ರೆ ನಾಳೆ ಇವರೆಲ್ಲ ಬದಲಾಯಿಸ್ಕೋತಾರೆ. ಮುಂದಿನ ವರ್ಷಕ್ಕೆ ಅರ್ಧ ಕಟ್ಟಡ ಮಾಂಸದಂಗಡಿಯವನದ್ದು. ಮತ್ತೆ ಎಲ್ರೂ ಬಾಡಿಗೆಗೆ.”

“ಗಂಡನಿಗಿಂತ ನಿಯಮ ದೊಡ್ಡದಾ ನಿಂಗೆ?”

ಉತ್ತರ ಬಂದದ್ದು ಹಿಂದಿನಿಂದ, ಕುರ್ಚಿಯಲ್ಲಿ ಕೂತ ಅಣ್ಣನಿಂದ. ಅವನು ಹೆಚ್ಚು ಮಾತಾಡುವವನಲ್ಲ.

“ಅವಳು ಕೈ ಎತ್ತಿದ್ದು ನಾನು ನೋಡ್ದೆ. ಫೆಲಿ, ನಿನ್ನ ಮನೇಲಿ ನಂಗೊಂದು ಮಂಚ ಹಾಕು. ತಂಗಿ ಮನೇಲಿ ಅಣ್ಣ ಇರಬಾರ್ದು ಅಂತ ನಿಯಮ ಇಲ್ಲವಲ್ಲ?”

ಇರಲಿಲ್ಲ. ಹಾಗೆ ನಾಲ್ಕನೇ ಮಹಡಿಯಲ್ಲಿ ಹೆಂಡತಿ, ನೆಲಮನೆಯಲ್ಲಿ ಗಂಡ ಎಂದಾಯಿತು. ನನ್ನ ಮನೆಯಲ್ಲಿ ಅಣ್ಣ ಮೇಜು ಹಿಡಿದು, ಗೋಡೆ ಹಿಡಿದು, ತಾನೇ ಕಕ್ಕಸಿಗೆ ಹೋಗಿ ಬಂದ. ಮೊದಲ ದಿನ ಹೊರಗೆ ಬಂದವನು ಬಾಗಿಲಿಗೆ ಒರಗಿ ನಿಂತ. ಆಮೇಲೆ ಎರಡು ಲೋಟ ನೀರು ಕೇಳಿ ಕುಡಿದ. ನಾನು ಹಿತ್ತಲಿಗೆ ಹೋಗಿ ಮುಖ ಒರೆಸಿಕೊಂಡು ಬಂದೆ.

ಅವಳು ದಿನಾ ಬರುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಸಂಜೆ ಮತ್ತೊಮ್ಮೆ. ಅವನ ಬಟ್ಟೆ ಒಗೆಯುತ್ತಿದ್ದಳು, ಗಡ್ಡ ಹೆರೆಯುತ್ತಿದ್ದಳು, ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಅವನು ಕೆನ್ನೆ ಒಡ್ಡುತ್ತಿದ್ದ, ಬೆನ್ನು ಒಡ್ಡುತ್ತಿದ್ದ, ಮಾತು ಮಾತ್ರ ಕೊಡುತ್ತಿರಲಿಲ್ಲ. ನಾನಂತೂ ಅವಳು ಒಳಗೆ ಬಂದ ಕೂಡಲೇ ಕಿಟಕಿ ತೆರೆಯುತ್ತಿದ್ದೆ. ಹೊಸದಾಗಿ ಮದುವೆಯಾದವರ ಹಾಗೆ ಹತ್ತಿ ಇಳಿದು ಮಾಡ್ತೀಯಲ್ಲ, ನಿಂಗೇ ನೆಲಮನೆ ಬೇಕಿತ್ತು ಎಂದು ಚುಚ್ಚುತ್ತಿದ್ದೆ. ಒಮ್ಮೆ ಅವನೆದುರೇ ಕೇಳಿದಳು:

“ಬೆಲ್ಮೀರು, ಒಂದು ಸಲ ಮೇಲೆ ಬಂದು ನೋಡಲ್ವಾ? ಅಡುಗೆಮನೆ ಕಿಟಕಿಯಿಂದ ನದಿ ಕಾಣತ್ತೆ.”

“ನದಿ ನೋಡಿದೀನಿ,” ಎಂದ ಅಣ್ಣ.

ಎರಡು ಚಳಿಗಾಲ ಹೀಗೇ ಕಳೆಯಿತು. ಕಾರ್ಖಾನೆಯಲ್ಲಿ ದಿನವಿಡೀ ನಿಂತ ಕಾಲು, ಮೇಲಿಂದ ಅಷ್ಟು ಮೆಟ್ಟಿಲು. ಎರಡನೆಯ ಚಳಿಗಾಲ ಮುಗಿಯುವಾಗ ಅವಳ ಮಂಡಿ ಕುಂಬಳಕಾಯಿಯಂತೆ ಊದಿತು. ಒಂದು ಬೆಳಿಗ್ಗೆ ಬರಲಿಲ್ಲ. ಸಂಜೆಯೂ ಬರಲಿಲ್ಲ. ಅವಳು ಹಾಸಿಗೆ ಹಿಡಿದಿದ್ದಾಳೆ, ಡಾಕ್ಟರು ಮೆಟ್ಟಿಲು ಇಳಿಯಲೇಬೇಡ ಅಂದಿದ್ದಾರೆ ಎಂದು ಕುಸ್ತೋದಿಯುವಿನ ಹೆಂಡತಿ ಬಂದು ಹೇಳಿ ಹೋದಳು.

ಅವಳು ಬರುವ ಹೊತ್ತಿಗೆ ಅಣ್ಣ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂರುತ್ತಿದ್ದ. ನಾನು ಗಡ್ಡ ಹೆರೆಯಲು ಹೋದರೆ ಬೇಡವೆಂದ. ನಾನು ಮಾಡಿದ ಮೀನಿನ ಸಾರು ತಟ್ಟೆಯಲ್ಲೇ ಆರಿತು. ದಿನ ಕಳೆದಂತೆ ಗಡ್ಡ ಬೆಳೆಯಿತು, ಮೋರೆ ಇಳಿಯಿತು. ಅವಳು ಇಳಿಯುವ ಹಾಗಿಲ್ಲ, ಇವನು ಹತ್ತುವುದಿಲ್ಲ. ನಡುವೆ ನಾನು, ಇಬ್ಬರ ಮೇಲೂ ಹಲ್ಲು ಕಡಿಯುತ್ತಾ. ಭಾನುವಾರ ಮಧ್ಯಾಹ್ನ ನನ್ನ ತಾಳ್ಮೆ ಹರಿಯಿತು. ಅಂಗಳದಲ್ಲಿ ಇಸ್ಪೀಟು ಆಡುತ್ತಿದ್ದ ಗಂಡಸರ ಮುಂದೆ ಹೋಗಿ ನಿಂತೆ.

“ಏಳ್ರೋ. ಇವನನ್ನ ಮೇಲೆ ಹೊತ್ಕೊಂಡು ಹೋಗ್ಬೇಕು. ಕೈ ಎತ್ತೋದರಲ್ಲಿ ನಿಮ್ಮನ್ನ ಬಿಟ್ರಿಲ್ಲ, ಈಗ ಕುರ್ಚಿ ಎತ್ತಿ.”

ಕುಸ್ತೋದಿಯು ಇಸ್ಪೀಟು ಕೆಳಗಿಟ್ಟ. ಅಣ್ಣ ಬೇಡ ಬೇಡ ಎಂದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ವರು ಕುರ್ಚಿ ಸಮೇತ ಅವನನ್ನು ಎತ್ತಿದರು. ಮಹಡಿಗೊಂದು ಬಾಗಿಲು ತೆರೆದು ಹೆಂಗಸರು ಇಣುಕಿದರು. ಅಣ್ಣ ವಠಾರದ ದಿನಗಳ ಹಾಗೆಯೇ ಕಣ್ಣು ಮುಚ್ಚಿಕೊಂಡ. ನಾನು ಮುಂದೆ ಮುಂದೆ ಹೋಗಿ ಒಂದೊಂದು ಬಾಗಿಲನ್ನೂ ಎಳೆದು ಮುಚ್ಚಿದೆ.

ಬೆಲ್ಲು ಒತ್ತಿದ ಎಷ್ಟೋ ಹೊತ್ತಿಗೆ ಅತ್ತಿಗೆ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆರೆದಳು. ಕುರ್ಚಿಯನ್ನು ಕಂಡು ಪಕ್ಕಕ್ಕೆ ಸರಿದಳು. ಗಂಡಸರು ಅವನನ್ನು ನಡುಮನೆಯಲ್ಲಿ ಇಳಿಸಿ ಏದುಸಿರು ಬಿಡುತ್ತಾ ನಿಂತರು. ಎರಡು ವರ್ಷದಲ್ಲಿ ನಾನೂ ಆ ಮನೆಗೆ ಕಾಲಿಟ್ಟಿರಲಿಲ್ಲ. ಒಂದು ಮಂಚ, ಎರಡು ದಿಂಬು. ಮತ್ತೆ ಗೋಡೆ ನೋಡಿದೆ. ಮಂಚದ ಪಕ್ಕದಿಂದ ಶುರುವಾಗಿ, ಬಾಗಿಲು ದಾಟಿ, ಕಕ್ಕಸಿನ ಒಳಗಿನವರೆಗೂ ಒಂದು ಕಬ್ಬಿಣದ ಸರಳು ಗೋಡೆಗುಂಟ ಕೂತಿತ್ತು. ಅಣ್ಣನ ಕೈ ಎಟುಕುವ ಎತ್ತರಕ್ಕೆ. ಯಾವ ಕೈಯೂ ಹಿಡಿಯದ ಸರಳು, ಬಳಿದ ಬಣ್ಣ ಹಾಗೇ ಹೊಳೆಯುತ್ತಿತ್ತು.

ಬಾಯಿಗೆ ಬಂದಿದ್ದ ಬೈಗುಳ ನುಂಗಿಕೊಂಡೆ. ಸುಳ್ಳು ಯಾಕೆ ಹೇಳಲಿ.

ಅಣ್ಣನೂ ನೋಡಿದ. ಸರಳನ್ನು ಕಣ್ಣಲ್ಲೇ ಆ ತುದಿಯವರೆಗೆ ಹಿಂಬಾಲಿಸಿದ. ಆಮೇಲೆ ಕುಸ್ತೋದಿಯುವಿನ ಕಡೆ ತಿರುಗಿದ.

“ಮನೆ ಚೆನ್ನಾಗಿದೆ. ಕೆಳಗಿಳ್ಸು ನನ್ನ. ಮೂತ್ರಕ್ಕೆ ಹೋಗ್ಬೇಕು.”

ಯಾರೂ ಅಲುಗಲಿಲ್ಲ. ಅತ್ತಿಗೆಯೇ ಮೆಲ್ಲಗೆ ಹೇಳಿದಳು: “ಇಲ್ಲೇ ಇದೆಯಲ್ಲ.”

“ಅದು ನಿನ್ನ ಸಂಘದ್ದು. ನಂದು ಕೆಳಗಿದೆ.”

ಅವ್ವನ ಆಣೆ, ಅಷ್ಟು ವರ್ಷ ಅವಳಿಗೆ ಬೈದವಳು ನಾನು, ಆ ಕ್ಷಣಕ್ಕೆ ಅಣ್ಣನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅವಳು ಕಕ್ಕಸಿನ ಬಾಗಿಲ ಚಿಲಕ ಹಿಡಿದುಕೊಂಡೇ ಮಾತಾಡಿದಳು. ದನಿ ಏರಿಸಲಿಲ್ಲ.

“ಅವತ್ತು ನಾನು ನಿನ್ನ ಕಡೆ ಕೈ ಎತ್ತಿದ್ರೆ ಇವರು ಒಬ್ಬರೂ ಉಳೀತಿರ್ಲಿಲ್ಲ, ಬೆಲ್ಮೀರು. ಕಂತು ಕಟ್ತಿರ್ಲಿಲ್ಲ. ಈ ಮನೆನೂ ಹೋಗೋದು, ಆ ಮನೆನೂ ಹೋಗೋದು. ಮತ್ತೆ ನಿನ್ನ ಎತ್ಕೊಂಡು ಲಿಬಾನಿಯಮ್ಮನ ಅಂಗಳದ ಸಾಲಲ್ಲಿ ನಿಲ್ಬೇಕಿತ್ತು. ಅದು ನನ್ನ ಕೈಲಾಗ್ತಿರ್ಲಿಲ್ಲ. ನಿನ್ನ ಸಿಟ್ಟು ನೀನು ಇಟ್ಕೋ. ಸಾಯೋವರೆಗೂ ಇಟ್ಕೋ. ಆದ್ರೆ ಒಂದು ಸಲ ಒಳಗೆ ಹೋಗಿ ಬಾ.”

ಅಣ್ಣ ಮುಖ ತಿರುಗಿಸಿದ. “ಕುಸ್ತೋದಿಯು, ಎತ್ತಪ್ಪ.”

ಕುಸ್ತೋದಿಯು ಕುರ್ಚಿಯ ಕಾಲಿಗೆ ಕೈ ಹಾಕಲು ಬಗ್ಗಿದ. ನಾನು ಅವನ ಅಂಗಿಯ ಕಾಲರು ಹಿಡಿದು ಎಬ್ಬಿಸಿದೆ.

“ಮುಟ್ಟಿದ್ರೆ ಕೈ ಮುರೀತೀನಿ. ನಡೀರಿ ಎಲ್ರೂ ಆಚೆಗೆ.”

“ಫೆಲಿ, ನಾನು ನಿನ್ನ ಅಣ್ಣ ಕಣೇ,” ಎಂದು ಅಣ್ಣ ಕೂಗಿದ.

“ಅಣ್ಣನಾಗಿದ್ರೆ ನಿನ್ನ ಮನೇಲಿರು. ನನ್ನ ಮನೇಲಿ ಮಂಚ ತೆಗೆದಾಯ್ತು,” ಎಂದು ಗಂಡಸರನ್ನೆಲ್ಲ ಹೊರಗೆ ದಬ್ಬಿ, ನಾನೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗಿನಿಂದ ಅವನ ಬೈಗುಳ ಮೂರನೇ ಮಹಡಿಯವರೆಗೂ ಕೇಳುತ್ತಿತ್ತು. ಅವಳ ದನಿ ಕೇಳಲಿಲ್ಲ. ಕುಸ್ತೋದಿಯು ಏನೋ ಹೇಳಲು ಬಾಯಿ ತೆರೆದ. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡು ಇಳಿದು ಹೋದ.

ಮನೆಗೆ ಬಂದು ಒಲೆಯ ಮುಂದೆ ನಿಂತೆ. ಮೇಲಿನ ನಾಲ್ಕೂ ಮನೆಗಳ ಕೊಳವೆ ಇಳಿಯುವುದು ನನ್ನ ಅಡುಗೆಮನೆಯ ಗೋಡೆಯೊಳಗೆ. ಅಲ್ಲಿ ಅದನ್ನು ಕೂರಿಸಿದವನ ಕೈ ಸೇದಿಹೋಗಲಿ ಎಂದು ನಾನು ದಿನಾ ಶಪಿಸುತ್ತೇನೆ. ಯಾವ ಮಹಡಿಯವರು ನೀರು ಬಿಟ್ಟರು ಎಂಬುದು ಸದ್ದಿನಲ್ಲೇ ನನಗೆ ತಿಳಿಯುತ್ತದೆ. ನಾಲ್ಕನೆಯದು ದೂರದಿಂದ ಹೊರಟು, ತಡವರಿಸುತ್ತಾ ಬರುತ್ತದೆ. ಗೋಡೆಗೆ ಕಿವಿ ಕೊಟ್ಟು ನಿಂತೆ. ಬಹಳ ಹೊತ್ತು ಏನೂ ಇಲ್ಲ. ಬಿಸಿಲು ಹಿತ್ತಲಿನಿಂದ ಸರಿದು ಹೋಯಿತು. ಹಟಮಾರಿ, ಬಟ್ಟೆಯಲ್ಲೇ ಮಾಡಿಕೊಂಡರೂ ಮಾಡಿಕೊಂಡಾನು ಎಂದು ನನಗೆ ಅಳುವೇ ಬಂತು. ಆಗ ಮೇಲೆಲ್ಲೋ ನೀರು ಬಿಟ್ಟ ಸದ್ದಾಯಿತು. ಒಂದೊಂದೇ ಮಹಡಿ ಇಳಿದು, ನನ್ನ ಕಿವಿಯ ಪಕ್ಕದಲ್ಲೇ ಹಾದು, ನೆಲದೊಳಗೆ ಹೋಯಿತು.

ಅಣ್ಣನನ್ನು ಇಳಿಸಿಕೊಂಡು ಬನ್ನಿ ಎಂದು ಮೇಲಿಂದ ಯಾರೂ ಕೂಗಲಿಲ್ಲ. ನಾನು ಇಬ್ಬರಿಗೆಂದು ಹುರಿದಿಟ್ಟ ಮೀನನ್ನು ಒಬ್ಬಳೇ ಕೂತು ತಿಂದೆ.